ಪಕ್ಕದ ಸೀಟು ಬೇಡ ಎಂದವನು

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಎಂದು ಶುರು ಮಾಡಿದರೆ ನಿಮಗೆಲ್ಲ ನಿಶ್ಚಿಂತೆ. ‘ಇದು ನಮ್ಮ ಕತೆ ಅಲ್ಲ’ ಎಂದು ಕಾಲು ಚಾಚಿ ಕೂತುಬಿಡುತ್ತೀರಿ. ಅದಕ್ಕೇ ಇವತ್ತಿನವನು ಶ್ರೀಮಂತನಲ್ಲ, ಬಡವನೂ ಅಲ್ಲ. ಒಂದೂರಲ್ಲಿ ಒಬ್ಬ ಪಾತ್ರೆ ಅಂಗಡಿಯವನಿದ್ದ. ನಿಮ್ಮ ಹಾಗೆಯೇ ಉಂಡುಟ್ಟು ಚೆನ್ನಾಗಿದ್ದವನು. ಅವನ ಹೆಸರು ಬೇಡ. ಹೇಳಿದರೆ ಆ ಹೆಸರಿನವರು ಯಾರಾದರೂ ನಾಳೆ ನಮ್ಮ ಮಠದ ಬಾಗಿಲಿಗೆ ಬಂದು, ‘ಅಜ್ಜಾರ, ನಮ್ಮ ಮನಿ ಸುದ್ದಿ ನಿಮಗ ಯಾರ ಹೇಳಿದ್ರು?’ ಎನ್ನುತ್ತಾರೆ. ಅವನ ಹೆಂಡತಿಗೆ ಮಾತ್ರ ಒಂದು ಹೆಸರಿಡೋಣ. ಮದುವೆಯಾದಾಗಿನಿಂದ ಅವನು ಅವಳನ್ನು ‘ಏ, ಇಲ್ಲಿ ಕೇಳ’ ಎಂದೇ ಕರೆದವನು. ನಾವಾದರೂ ಹೆಸರು ಹಿಡಿದು ಕರೆಯೋಣ. ನಿಂಬೆವ್ವ ಅನ್ನೋಣ.

ಈ ಅಂಗಡಿಯವನಿಗೆ ಒಂದು ವಿದ್ಯೆ ಒಲಿದಿತ್ತು. ವಿಮಾನದ ಟಿಕೆಟನ್ನು ಯಾರಿಗೂ ಸಿಗದ ದರಕ್ಕೆ ಹಿಡಿಯುವ ವಿದ್ಯೆ. ನೋಡಿ, ವಿಮಾನದ ದರ ಕಾಯಿಪಲ್ಲೆ ಸಂತೆ ಇದ್ದ ಹಾಗೆ. ಮುಂಜಾನೆ ಒಂದು, ಸಂಜೆ ಇನ್ನೊಂದು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವನು ಮೊಬೈಲಿನಲ್ಲಿ ಇಡೀ ತಿಂಗಳ ದರ ತೆರೆದುಕೊಂಡು ಕೂರುತ್ತಿದ್ದ. ಹುಬ್ಬಳ್ಳಿಯಿಂದ ಹತ್ತಿದರೆ ಎಷ್ಟು, ಬೆಂಗಳೂರಿನಿಂದ ಎಷ್ಟು, ಹೈದರಾಬಾದಿನಿಂದ ಎಷ್ಟು, ಎಲ್ಲ ಬಾಯಿಪಾಠ. ‘ಅಮಾಸಿ ದಿನ ನೋಡ್ರಿ. ಮಂದಿ ಊರ ಬಿಡಾಕ ಅಂಜತಾರ, ಅವತ್ತ ಅಗ್ಗ ಸಿಗತೈತಿ’ ಎಂದು ಊರಿಗೆಲ್ಲ ಉಪದೇಶ ಮಾಡುತ್ತಿದ್ದ. ಊಟ ಬೇಡ, ದೊಡ್ಡ ಚೀಲ ಬೇಡ ಎಂದು ಒಂದೊಂದೇ ಬಿಡಿಸಿ ದರ ಇಳಿಸುತ್ತಿದ್ದ. ಕೈಚೀಲವನ್ನು ಅಂಗಡಿಯಲ್ಲಿ ಹಳೇ ತಾಮ್ರ ತೂಗುವ ತಕ್ಕಡಿಯಲ್ಲೇ ತೂಗುತ್ತಿದ್ದ.

ಇದು ತಪ್ಪೇ? ತಪ್ಪಲ್ಲ. ಬೆವರು ಸುರಿಸಿ ದುಡಿದದ್ದನ್ನು ಉಳಿಸಬೇಕು. ಮಠದ ದಾಸೋಹಕ್ಕೆ ಬದನೆಕಾಯಿ ತರುವಾಗ ನಾವೂ ಚೌಕಾಸಿ ಮಾಡುತ್ತೇವೆ. ಅಗ್ಗ ಹುಡುಕುವವನನ್ನು ಬೈಯಲಿಕ್ಕೆ ನಾನು ಈ ಕತೆ ಹೇಳುತ್ತಿಲ್ಲ. ಮುಂದೆ ಕೇಳಿ.

ನಿಂಬೆವ್ವನಿಗೆ ಕಾಶಿ ನೋಡುವ ಆಸೆ ಇತ್ತು. ಅವನು ಹೊಂಚು ಹಾಕಿ ಹೈದರಾಬಾದಿನಿಂದ ಕಾಶಿಗೆ ಒಳ್ಳೆಯ ದರ ಹಿಡಿದ. ಟಿಕೆಟ್ ಮಾಡುವಾಗ ಅವಳು ಹತ್ತಿರ ನಿಂತಿದ್ದಳು. ಕೂತಿರಲಿಲ್ಲ, ನಿಂತಿದ್ದಳು. ಇದನ್ನು ನೆನಪಿಟ್ಟುಕೊಳ್ಳಿ.

‘ವಿಮಾನದಾಗ ಗಂಡ ಹೆಂಡ್ತಿ ಜೋಡಿ ಕೂಡ್ತಾರಂತಲ್ರಿ?’ ಎಂದು ಕೇಳಿದಳು.

‘ಕೂಡ್ತಾರ, ಕೂಡ್ತಾರ’ ಎಂದ, ತಲೆ ಎತ್ತದೆ.

ಅದೇ ಹೊತ್ತಿಗೆ ಮೊಬೈಲೂ ಕೇಳಿತು. ಇಬ್ಬರಿಗೂ ಪಕ್ಕಪಕ್ಕದ ಸೀಟು ಬೇಕೇ? ಬೇಕಾದರೆ ಇನ್ನಷ್ಟು ಕೊಡಿ. ಬೇಡವಾದರೆ ನಾವು ಕೊಟ್ಟಲ್ಲಿ ಕೂಡಿ. ಅವನು ‘ಬೇಡ’ ಒತ್ತಿದ. ಯೋಚನೆಯನ್ನೇ ಮಾಡಲಿಲ್ಲ.

ಹೊರಡುವ ದಿನ ನಿಂಬೆವ್ವ ಟ್ರಂಕಿನ ತಳದಿಂದ ಮದುವೆಯ ಇಳಕಲ್ ಸೀರೆ ತೆಗೆದು ಉಟ್ಟಳು. ನೋಡಿ ಅವನಿಗೆ ಸಂತೋಷವೇ ಆಯಿತು. ‘ಛಲೋ ಮಾಡಿದಿ. ಭಾರದ ಸೀರಿ ಮೈಮ್ಯಾಲ ಇದ್ರ ಚೀಲದ ತೂಕಕ್ಕ ಬರಂಗಿಲ್ಲ’ ಎಂದ. ನಗಬೇಡಿ. ಅಕ್ಕಂದಿರು ನಗುತ್ತಿಲ್ಲ, ನೋಡಿ. ಅವಳು ಯಾಕೆ ಆ ಸೀರೆ ಉಟ್ಟಳೆಂದು ಅವರಿಗೆ ಆಗಲೇ ತಿಳಿದಿದೆ.

ಹೈದರಾಬಾದಿನ ಬಸ್ಸಿನಲ್ಲಿ ಅವಳು ಮುಂದೆ ಹೆಂಗಸರ ಸೀಟಿನಲ್ಲಿ, ಅವನು ಹಿಂದೆ. ವಿಮಾನ ಹತ್ತಿದರು. ಅವನಿಗೆ ಮುಂದೆ ಕಿಟಕಿಯ ಸೀಟು ಬಂದಿತ್ತು, ಅವಳಿಗೆ ಎಲ್ಲೋ ಬಾಲದ ಹತ್ತಿರ. ‘ನಾ ಎಲ್ಲಿ ಕೂಡ್ಲಿ?’ ಎಂದಳು. ‘ಹಿಂದ ಹೋಗು, ತೋರಸ್ತಾರ’ ಎಂದ. ಅವನ ಪಕ್ಕದಲ್ಲಿ ಕಾಲೇಜು ಹುಡುಗಿಯೊಬ್ಬಳು ಕೂತಿದ್ದಳು. ಅವಳು ಎದ್ದು ನಿಂತು, ‘ಅಂಕಲ್, ಅಮ್ಮ ಇಲ್ಲೇ ಕೂತ್ಕೊಳ್ಳಲಿ. ನಾನು ಅವರ ಸೀಟಿಗೆ ಹೋಗ್ತೀನಿ’ ಎಂದಳು.

ಅವನು ಏನೆಂದ ಗೊತ್ತೇ? ‘ಇರ್ಲಿ ಬಿಡವಾ. ಎರಡ ತಾಸಿನ ಮಾತು.’

ಈಗ ನೋಡಿ. ಇಲ್ಲಿ ದುಡ್ಡಿನ ಮಾತೇ ಇರಲಿಲ್ಲ. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವ ಮನುಷ್ಯ ಇವನು. ಅಂಥವನಿಗೆ ಹೆಂಡತಿಯ ಪಕ್ಕದ ಸೀಟು ಬಿಟ್ಟಿಯೇ ಸಿಕ್ಕಿತು. ಬಿಟ್ಟಿ ಸಿಕ್ಕರೂ ಬೇಡ ಎಂದ. ಅವನು ಕೆಟ್ಟವನೇ? ಕೆಟ್ಟವನಲ್ಲ. ಅವಳು ಪಕ್ಕದಲ್ಲಿ ಇರಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ನನಗೆ ಸಂಕಟವಾಗುವುದು ಅದಕ್ಕೇ.

ನಿಂಬೆವ್ವ ಇಬ್ಬರು ಅಪರಿಚಿತ ಗಂಡಸರ ನಡುವೆ ಮೈ ಹಿಡಿಮಾಡಿ ಕೂತಳು. ಒಬ್ಬ ನಿದ್ದೆ ಹೋಗಿದ್ದ, ಇನ್ನೊಬ್ಬ ಕಿವಿಗೆ ಏನೋ ಸಿಕ್ಕಿಸಿಕೊಂಡಿದ್ದ. ವಿಮಾನ ಮೇಲೇಳುವಾಗ ತನ್ನ ಸೆರಗನ್ನು ತಾನೇ ಗಟ್ಟಿಯಾಗಿ ಹಿಡಿದು ಶಿವಶಿವಾ ಎಂದಳು.

ಕಾಶಿಯಲ್ಲಿ ಇಳಿದು ಹೊರಗೆ ಬಂದ ಮೇಲೆ ಅವನು ಹೆಮ್ಮೆಯಿಂದ ಕೇಳಿದ, ‘ಹೆಂಗಿತ್ತ ವಿಮಾನ?’

‘ಛಲೋ ಇತ್ತ್ರಿ’ ಎಂದಳು. ನಾಲ್ಕು ಹೆಜ್ಜೆ ನಡೆದು ಮತ್ತೆ ಅಂದಳು, ‘ಲಗ್ನದಾಗ ಹಸಿಮಣಿ ಮ್ಯಾಲ ನಿಮ್ಮ ಬಾಜೂಕ ಕುಂತಿದ್ದೆ. ಆಮ್ಯಾಲ ಇವತ್ತ ಕೂಡ್ತೀನಿ ಅನ್ಕೊಂಡಿದ್ದೆ. ಇರ್ಲಿ ಬಿಡ್ರಿ.’

ಅಳಲಿಲ್ಲ, ಬೈಯಲಿಲ್ಲ. ‘ಇರ್ಲಿ ಬಿಡ್ರಿ’ ಎಂದಳು, ಅಷ್ಟೇ. ‘ಸುಳ್ಳ ಹೇಳಬ್ಯಾಡ’ ಎನ್ನಲು ಅವನು ಬಾಯಿ ತೆರೆದ. ಹಾಗೆನ್ನುವ ಮೊದಲು ಮನಸ್ಸಿನಲ್ಲೇ ಲೆಕ್ಕ ಹಾಕಿ ನೋಡಿದ. ಯಾವಾಗ ಕೂತಿದ್ದೆವು? ಊಟಕ್ಕೆ? ಅವನು ಉಣ್ಣುವಾಗ ಅವಳು ನೀಡುತ್ತಾ ನಿಂತಿರುತ್ತಿದ್ದಳು. ಮದುವೆ ಮನೆಗಳಲ್ಲಿ? ಗಂಡಸರ ಪಂಕ್ತಿ ಬೇರೆ. ಬೈಕಿನ ಮೇಲೆ? ಅಲ್ಲಿ ಅವಳಿಗೆ ಕಂಡದ್ದು ಅವನ ಬೆನ್ನು. ಪುರಾಣ, ಪ್ರವಚನಕ್ಕೆ? ಅವನು ಈ ಕಡೆ, ಅವಳು ಆ ಕಡೆ. ಎಷ್ಟು ಹುಡುಕಿದರೂ ಒಂದು ದಿನವೂ ಸಿಗಲಿಲ್ಲ. ಅವನಿಗೆ ಬಹಳ ನಾಚಿಕೆಯಾಯಿತು. ವಿಶ್ವನಾಥನ ಮುಂದೆ ಕೈಮುಗಿದು ನಿಂತಾಗಲೂ ಅದೇ ನಾಚಿಕೆ.

ತಿರುಗಿ ಬರುವಾಗ ಅವನು ಪಕ್ಕಪಕ್ಕದ ಸೀಟಿಗೆ ಎಷ್ಟು ಕೇಳಿದರೂ ಕೊಡಲು ತಯಾರಾಗಿದ್ದ. ಒಂದು ಜೋಡಿಯೂ ಖಾಲಿ ಇರಲಿಲ್ಲ. ವಿಮಾನದೊಳಗೆ ನಾಚಿಕೆ ಬಿಟ್ಟು ಕೈಮುಗಿದು ಕೇಳಿದ, ‘ಒಂದೀಟ ಸೀಟ ಬದಲ ಮಾಡ್ಕೋತೀರೇನ್ರಿ?’ ಒಬ್ಬರಿಗೆ ಕಾಲುನೋವು, ಇನ್ನೊಬ್ಬರ ಜೊತೆ ಮಗು. ಹೋಗುವಾಗ ಬಿಟ್ಟಿ ಸಿಕ್ಕಿದ್ದು ಬರುವಾಗ ಬೇಡಿಕೊಂಡರೂ ಸಿಗಲಿಲ್ಲ. ಅವರು ಬೇರೆಬೇರೆ ಕೂತೇ ಬಂದರು.

ಊರಿಗೆ ಬಂದು ಮೊದಲ ಊಟ. ನಿಂಬೆವ್ವ ಎಂದಿನಂತೆ ಅವನಿಗೊಂದು ಮಣೆ ಹಾಕಿ, ತಾನು ರೊಟ್ಟಿ ಬುಟ್ಟಿ ಹಿಡಿದು ನಿಂತಳು. ಅವನು ಎದ್ದು ಹೋಗಿ ಇನ್ನೊಂದು ಮಣೆ ತಂದ. ತನ್ನ ಮಣೆಗೆ ತಾಗಿಸಿ ಹಾಕಿದ. ‘ಕುಂದ್ರ, ನಿಂಬೆವ್ವ’ ಎಂದ.

ಅವನ ಬಾಯಲ್ಲಿ ಆ ಹೆಸರು ಬಂದದ್ದು ಅದೇ ಮೊದಲು. ಅವಳಿಗೆ ಗಾಬರಿಯಾಯಿತು. ‘ಮತ್ತ ನೀಡವ್ರ ಯಾರು?’ ಎಂದಳು.

‘ಬುಟ್ಟಿ ನಡುವ ಇಡು. ನಾ ನಿನಗ ನೀಡತೀನಿ, ನೀ ನನಗ ನೀಡು.’

ಅವಳು ಕೂತಳು. ಅವನು ಬುಟ್ಟಿಯಿಂದ ಮೊದಲ ರೊಟ್ಟಿ ತೆಗೆದು ಅವಳಿಗೆ ನೀಡಿದ.

ಕತೆ ಇಲ್ಲಿಗೆ ಮುಗಿಯಿತು. ಅವನದು ಮುಗಿಯಿತು, ನಿಮ್ಮದು ಈಗ ಶುರು. ಅಗ್ಗದ ಟಿಕೆಟ್ ಹುಡುಕಿರಿ, ಬೇಡ ಎನ್ನುವುದಿಲ್ಲ. ಆದರೆ ಹುಡುಕುವಾಗ ಏನನ್ನು ‘ಬೇಡ’ ಎಂದು ಒತ್ತುತ್ತಿದ್ದೀರಿ, ಅದನ್ನು ಒಮ್ಮೆ ನಿಂತು ನೋಡಿರಿ. ಮನೆಯಲ್ಲಿ ಪಕ್ಕದ ಜಾಗಕ್ಕೆ ಯಾರೂ ದುಡ್ಡು ಕೇಳುವುದಿಲ್ಲ. ದಿನಕ್ಕೆ ಒಂದು ಊಟ ಜೋಡಿ ಕೂತು ಮಾಡಿ. ಹೆಸರು ಹಿಡಿದು ಕರೆಯಿರಿ. ಕರೆದ ಮೇಲೆ ಮೊಬೈಲು ಕೆಳಗಿಟ್ಟು ಅವರ ಮಾತು ಕೇಳಿ.

ನಾಳೆಯಿಂದ ಎನ್ನಬೇಡಿ. ನಾಳೆ ಸೀಟು ಇರುತ್ತದೋ ಇಲ್ಲವೋ ಯಾರಿಗೆ ಗೊತ್ತು? ಇವತ್ತು ದಾಸೋಹದಲ್ಲಿ ಗಂಡಸರ ಪಂಕ್ತಿ, ಹೆಂಗಸರ ಪಂಕ್ತಿ ಎಂದು ಇಲ್ಲ. ನೀಡಲು ನಾವಿದ್ದೇವೆ. ಜೋಡಿ ಕಳೆದುಕೊಂಡವರು ನನ್ನ ಹತ್ತಿರ ಬನ್ನಿ, ಯಾರೂ ಒಂಟಿಯಾಗಿ ಉಣ್ಣುವುದು ಬೇಡ. ಗೌಡರೇ, ಆಗಿನಿಂದ ನೆಲ ನೋಡುತ್ತಿದ್ದೀರಿ, ಮೊದಲು ನೀವು ಏಳಿ. ಗೌಡತಿಯವರು ಆ ಕಂಬದ ಹತ್ತಿರ ಕೂತಿದ್ದಾರೆ. ಅವರ ಪಕ್ಕದ ಜಾಗ ಖಾಲಿ ಇದೆ.