ಮೋಂಘಿಗೆ ಮೊಮ್ಮಗಳು ಹುಟ್ಟಿದಳು

ಆಗಲೇ ಗಡಿಯಾರ ನೋಡಿಕೊಳ್ಳುತ್ತಿರುವ ನಮ್ಮ ಕನ್ನಡ ಬಳಗದ ಅಧ್ಯಕ್ಷರಾದ ಜಯತೀರ್ಥರೇ, ಇಂದಿನ ಸನ್ಮಾನಿತರಾದ ಪಶುವೈದ್ಯೆ ಡಾಕ್ಟರ್ ವೈದೇಹಿಯವರೇ, ಸೂರತ್ತಿನ ಅಡಾಜಣ್‌ನಿಂದ ಬೆಳಗಿನ ರೈಲು ಹಿಡಿದು ಬಂದಿರುವ ಅತಿಥಿಗಳೇ, ಮುಂದಿನ ಸಾಲಿನಿಂದ ನನ್ನ ಮೇಲೆ ಕಣ್ಣಿಟ್ಟಿರುವ ಧರ್ಮಪತ್ನಿ ಜಲಜಾ ಅವರೇ, ಹಾಗೂ ಗಿಣ್ಣನ್ನು ಎರಡೆರಡು ಸಲ ಹಾಕಿಸಿಕೊಂಡು ತೃಪ್ತರಾಗಿ ಕುಳಿತಿರುವ ಸಭಿಕರೇ,

ನನ್ನ ಜುಬ್ಬಕ್ಕೆ ಹುಲ್ಲು ಅಂಟಿದೆ ಎಂದು ಜಲಜಾ ಸನ್ನೆ ಮಾಡುತ್ತಿದ್ದಾಳೆ. ಇರಲಿ. ನಾನು ನೇರವಾಗಿ ಎಮ್ಮೆಯ ಕೊಟ್ಟಿಗೆಯಿಂದ ಬಂದಿದ್ದೇನೆ. ಡಾಕ್ಟರಮ್ಮನ ಬಗ್ಗೆ ಎರಡು ಮಾತು ಆಡಿ ಕುಳಿತುಕೊಳ್ಳಿ ಎಂದು ಅಧ್ಯಕ್ಷರು ಹೇಳಿದ್ದಾರೆ. ಆದರೆ ಇವತ್ತು ನನಗೆ ಆಗಿರುವ ಸಂತೋಷಕ್ಕೆ ಎರಡು ಮಾತು ಎಲ್ಲಿ ಸಾಲುತ್ತದೆ ಸ್ವಾಮಿ?

ಮೊದಲು ಒಂದು ಗುಟ್ಟು. ನೀವು ತಿಂದ ಗಿಣ್ಣು ಯಾವ ಎಮ್ಮೆಯದು? ನಿನ್ನೆ ಮುಂಜಾನೆ ಇಲ್ಲಿನ ರೈತ ಕಾಂತಿಭಾಯಿಯ ಕೊಟ್ಟಿಗೆಯಲ್ಲಿ ಈದ ಎಮ್ಮೆಯದು. ಅದರ ತಾಯಿ ಯಾರು? ಮೋಂಘಿ. ಮೋಂಘಿ ಎಲ್ಲಿ ಹುಟ್ಟಿದ್ದು? ಅಂದರೆ, ಅದರ ಜೀವ ಮೊಳೆತದ್ದು ಎಲ್ಲಿ? ಡಾಕ್ಟರ್ ವೈದೇಹಿಯವರ ಪ್ರಯೋಗಾಲಯದ ಒಂದು ಗಾಜಿನ ತಟ್ಟೆಯಲ್ಲಿ, ಪ್ರನಾಳ ಶಿಶು ಎನ್ನುತ್ತಾರಲ್ಲ, ಹಾಗೆ. ಗಾಬರಿ ಬೇಡ. ತಿಂದದ್ದು ತಿಂದಾಯಿತು, ರುಚಿಯಾಗಿತ್ತು ಎಂದು ಹೇಳಿಯೂ ಆಯಿತು. ಕರು ಹೊಟ್ಟೆ ತುಂಬ ಕುಡಿದು ಉಳಿದದ್ದನ್ನೇ ತಂದಿದ್ದೇವೆ. ಡಾಕ್ಟರಮ್ಮ ಪಾತ್ರೆಯ ಪಕ್ಕದಲ್ಲೇ ನಿಂತು ಕಾವಲು ಕಾದಿದ್ದಾರೆ.

ಮೋಂಘಿ ಎಂದರೆ ಗುಜರಾತಿಯಲ್ಲಿ ದುಬಾರಿಯವಳು, ಅಪರೂಪದವಳು. ಆ ದುಬಾರಿಯವಳಿಗೆ ವಿಮೆ ಮಾಡಿಸಬೇಕೆಂದು ಕಾಂತಿಭಾಯಿ ನಮ್ಮ ಕಚೇರಿಗೆ ಬಂದರು. ಆಗ ನಾನು ಇಲ್ಲಿಗೆ ಹೊಸದಾಗಿ ವರ್ಗವಾಗಿ ಬಂದಿದ್ದ ವಿಮಾ ಅಧಿಕಾರಿ. ಇಂಥ ಎಮ್ಮೆ ಎಷ್ಟು ವರ್ಷ ಬದುಕುತ್ತದೆ, ದೊಡ್ಡದಾದ ಮೇಲೆ ಯಾವ ಕಾಯಿಲೆ ಬರುತ್ತದೆ? ನಮ್ಮ ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಡಾಕ್ಟರಮ್ಮನ ಬಳಿಗೇ ಹೋದೆ.

ಅವರು ಏನನ್ನೂ ಮುಚ್ಚಿಡಲಿಲ್ಲ. ಹೀಗೆ ಹುಟ್ಟುವ ಕೆಲವು ಕರುಗಳು ಅತಿಯಾದ ತೂಕದಿಂದ ಹುಟ್ಟುತ್ತವೆ, ಉಸಿರಾಟದ ತೊಂದರೆ ಆಗುವುದುಂಟು ಎಂದರು. ಇಲಿಗಳಲ್ಲಿ ವಯಸ್ಸಾದ ಮೇಲೆ ರಕ್ತದೊತ್ತಡ, ಸಕ್ಕರೆಯ ತೊಂದರೆ ಕಂಡಿದೆ ಎಂದರು. ಎಮ್ಮೆಗಳಲ್ಲಿ ಏನಾಗುತ್ತದೆ ಎಂಬುದನ್ನು ಜೊತೆಗಿದ್ದು ನೋಡಿದರೆ ಮಾತ್ರ ತಿಳಿಯುತ್ತದೆ ಎಂದರು. "ಹಾಗಾದರೆ ಮೋಂಘಿ?" ಎಂದೆ. "ಇವತ್ತಿನವರೆಗೂ ಚೆನ್ನಾಗಿದಾಳೆ ಮಹೇಶ್. ನಾಳೇದು ನಾಳೆ ನೋಡಿ ಹೇಳ್ತೀನಿ" ಎಂದರು.

ಅಂದಿನಿಂದ ನಾನು ತಿಂಗಳು ತಿಂಗಳೂ ತಪಾಸಣೆಗೆ ಹೋದೆ. ವಿಮೆಯ ಎಮ್ಮೆಯನ್ನು ಪ್ರತಿ ತಿಂಗಳು ನೋಡಬೇಕೆಂದು ಯಾವ ನಿಯಮವೂ ಇಲ್ಲ. ಕಿವಿಗೆ ಚುಚ್ಚಿದ ವಿಮೆಯ ನಂಬರಿನ ಓಲೆ ಇದೆಯೇ ಎಂದು ವರ್ಷಕ್ಕೊಮ್ಮೆ ನೋಡಿದರೆ ಮುಗಿಯಿತು. ನಾನೋ, ಅದರ ಹೃದಯ ಹೇಗಿದೆ, ರಕ್ತ ಹೇಗಿದೆ, ನಿನ್ನೆ ಮೇವು ತಿಂದಿತೇ, ಯಾಕೆ ಒಮ್ಮೆ ಸೀನಿತು ಎಂದೆಲ್ಲ ಕೇಳುತ್ತಿದ್ದೆ. ಕಾಂತಿಭಾಯಿಗೆ ಇದು ಸರ್ಕಾರದ ಯಾವುದೋ ಗುಪ್ತ ವಿಚಾರಣೆ ಎಂಬ ಅನುಮಾನ ಬಂದು, ನನ್ನನ್ನು ಕಂಡಾಗಲೆಲ್ಲ ಚಹಾ ಕುಡಿಸುತ್ತಿದ್ದರು.

ನನಗೇಕೆ ಅಷ್ಟು ಉಸಾಬರಿ? ಯಾಕೆಂದರೆ ಆಗ ಜಲಜಾ ಬಸುರಿ. ಅಹಮದಾಬಾದಿಗೆ ತರಬೇತಿ, ತರಬೇತಿ ಎಂದು ಊರಿಗೆಲ್ಲ ಹೇಳಿ ನಾವಿಬ್ಬರೂ ಹೋಗುತ್ತಿದ್ದದ್ದು ಆಸ್ಪತ್ರೆಗೆ. ನಮ್ಮ ಮಗಳು ಪ್ರಾರ್ಥನಾ ಕೂಡ ಮೋಂಘಿಯ ಹಾಗೆಯೇ, ಗಾಜಿನ ತಟ್ಟೆಯಲ್ಲಿ...

ಜಲಜಾ, ತಲೆ ಚಚ್ಚಿಕೊಳ್ಳಬೇಡ. ಬಾಯಿಂದ ಬಂದುಬಿಟ್ಟಿತು, ಇನ್ನೇನು ಮಾಡಲಿ? ಪ್ರಾರ್ಥನಾಗೆ ಹೇಗೂ ಗೊತ್ತು. ಹೋದ ವರ್ಷ ಹೇಳಿದಾಗ "ಪಪ್ಪಾ, ಹಾಗಾದ್ರೆ ಮೋಂಘಿ ನನ್ನ ದೀದೀನಾ?" ಎಂದು ಕೇಳಿ, ತನ್ನ ಹುಟ್ಟುಹಬ್ಬದ ಕೇಕನ್ನು ಕೊಟ್ಟಿಗೆಗೆ ಒಯ್ದವಳು ಅವಳು. ಡಾಕ್ಟರಮ್ಮ ತಿನ್ನಿಸಲು ಬಿಡಲಿಲ್ಲ, ಅದು ಬೇರೆ ಮಾತು.

ಈಗ ನಿಮಗೂ ಗೊತ್ತಾಯಿತು; ಇನ್ನು ಗೊತ್ತಿಲ್ಲದವರು ಒಬ್ಬರೇ, ಧಾರವಾಡದಲ್ಲಿರುವ ನಮ್ಮವ್ವ. ಯಾಕೆ ಹೇಳಲಿಲ್ಲ? ಅವ್ವ ಒಮ್ಮೆ ಇಲ್ಲಿಗೆ ಬಂದಿದ್ದಾಗ ಮೋಂಘಿಯ ಹಾಲು ತಂದು ಮುಂದಿಟ್ಟೆ. ಸಂಗತಿ ಕೇಳಿದವಳೇ ಲೋಟ ಸರಿಸಿ, "ಕಾಜಿನ್ಯಾಗ ಹುಟ್ಟಿದ ಎಮ್ಮಿ ಹಾಲು ನನಗ ಬ್ಯಾಡಪಾ. ನಾಳೆ ಅದರ ಹೊಟ್ಟ್ಯಾಗ ಎಂಥಾದ್ದು ಹುಟ್ಟತೈತೋ ಏನೋ" ಎಂದಳು. ಆಗ ಪ್ರಾರ್ಥನಾ ಅವಳ ತೊಡೆಯ ಮೇಲೆಯೇ ಕುಳಿತು ರೊಟ್ಟಿ ಮುರಿಯುತ್ತಿದ್ದಳು. ಈ ಮಗು ಯಲ್ಲವ್ವ ಕೊಟ್ಟದ್ದು ಎಂದು ಅವ್ವ ನಂಬಿದ್ದಳು, ನಾನು ಹೂಂ ಎಂದಿದ್ದೆ. ಆ ಲೋಟ ಸರಿಸಿದ್ದು ಕಂಡ ಮೇಲೆ, ಅವ್ವ ಮಗುವನ್ನೂ ಹಾಗೆಯೇ ಸರಿಸಿಬಿಟ್ಟರೆ ಎಂದು ನಿಜವಾಗಿಯೂ ಹೆದರಿದೆ.

ಸಭಿಕರೇ, ಅವ್ವ ಕೇಳಿದ ಆ ಪ್ರಶ್ನೆಯನ್ನೇ ಡಾಕ್ಟರಮ್ಮ ಇಷ್ಟು ವರ್ಷ ಕೇಳುತ್ತಾ ಬಂದಿದ್ದಾರೆ. ತಟ್ಟೆಯಲ್ಲಿ ಮೊಳೆತ ಕರುಗಳು ದೊಡ್ಡವಾಗಿ, ಈದು, ಅವುಗಳ ಕರುಗಳೂ ಈಯುವ ತನಕ ಬೆನ್ನು ಬಿಡದೆ ನೋಡಿದ್ದಾರೆ. ನಿನ್ನೆ ಮೋಂಘಿಯ ಮಗಳು ಯಾರ ಕೈ ನೆರವೂ ಇಲ್ಲದೆ ಹೆಣ್ಣುಗರು ಹಾಕಿದಳು. ಕರು ಎದ್ದಿತು, ಬಿದ್ದಿತು, ಮತ್ತೆ ಎದ್ದಿತು, ಕೆಚ್ಚಲು ಬಿಟ್ಟು ಕಾಂತಿಭಾಯಿಯ ಧೋತರ ಚೀಪಿತು. ನಾನು ಕುಣಿದೆ ಕಣ್ರೀ. ಐವತ್ತು ದಾಟಿದ ವಿಮಾ ಅಧಿಕಾರಿ, ಸಗಣಿಯಲ್ಲಿ ನಿಂತು ಗರಬಾ ಕುಣಿದೆ. ಇನ್ನು ಮೇಲೆ ಎಲ್ಲ ಸರಿಯಲ್ಲವೇ ಎಂದು ಡಾಕ್ಟರಮ್ಮನನ್ನು ಕೇಳಿದರೆ, ಅದೇ ಮಾತು, "ಇವತ್ತಿನವರೆಗೂ ಚೆನ್ನಾಗಿದಾಳೆ ಮಹೇಶ್." ಈ ಸಲ ಅವರು ನೋಡುತ್ತಿದ್ದದ್ದು ಕರುವನ್ನಲ್ಲ. ನನ್ನ ಬೆನ್ನ ಹಿಂದೆ ಹುಲ್ಲಿನ ಮೆದೆ ಹತ್ತುತ್ತಿದ್ದ ಪ್ರಾರ್ಥನಾಳನ್ನು. ಅವರಿಗೆ ಮೊದಲಿನಿಂದಲೂ ಗೊತ್ತಿತ್ತು ಎಂಬುದು ನನಗೆ ಹೊಳೆದದ್ದು ಆಗಲೇ.

ಆಕಾಶ್, ಆ ಮೊಬೈಲನ್ನು ಯಾಕೆ ಹಾಗೆ ಹಿಡಿದಿದ್ದೀಯಪ್ಪಾ? ಲೈವ್ ಹೋಗುತ್ತಿದೆಯೇ? ಧಾರವಾಡದಲ್ಲಿ ಅವ್ವ ನೋಡಲಿ ಎಂದು ಪ್ರಾರ್ಥನಾಳ ಕೋಲಾಟವನ್ನಷ್ಟೇ ಹಾಕಲು ಹೇಳಿದ್ದೆನಲ್ಲ. ಇನ್ನೂ ನಡೆಯುತ್ತಿದೆಯೇ?

ಕ್ಷಮಿಸಿ. ನನ್ನ ಜೇಬಿನಲ್ಲಿ ಫೋನು ನಡುಗುತ್ತಿದೆ. ಅವ್ವನದೇ. ಅಧ್ಯಕ್ಷರೇ, ಒಂದು ನಿಮಿಷ. ಅವ್ವಾ... ಹೂಂ... ಹೌದವ್ವಾ... ಇಲ್ಲವ್ವಾ... ಎದ್ದು ನಿಂತೈತಿ... ಕುಡದೈತಿ... ಹೂಂ... ಹೂಂ. ಕಳಸ್ತೇನಿ.

ಸಭಿಕರೇ, ನನಗೆ ಸ್ವಲ್ಪ ನೀರು ಬೇಕು.

ಅವ್ವ ಬೈಯಲಿಲ್ಲ. ಪ್ರಾರ್ಥನಾಳ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಕರು ಎದ್ದು ನಿಂತೈತೇನು, ಹಾಲು ಕುಡೀತೇನು ಎಂದಳು. ಆಮೇಲೆ ಹೇಳಿದಳು: "ಊರಿಗೆಲ್ಲಾ ಗಿಣ್ಣ ಹಂಚೀಯಲ್ಲೋ, ನನ್ನ ಪಾಲು ಎಲ್ಲೈತಿ?"

ಡಾಕ್ಟರಮ್ಮಾ, ನಿಮಗೆ ಶಾಲು ಹೊದಿಸುವ ಯೋಗ್ಯತೆ ನನಗಿಲ್ಲ. ಅದನ್ನು ಪ್ರಾರ್ಥನಾ ಹೊದಿಸುತ್ತಾಳೆ. ನಿಮ್ಮೆಲ್ಲರ ತಾಳ್ಮೆಗೆ ನಾನು ಋಣಿ. ಅಡುಗೆಮನೆಯಲ್ಲಿ ಒಂದು ಡಬ್ಬಿ ಗಿಣ್ಣು ಉಳಿದಿದೆ. ದಯವಿಟ್ಟು ಅದನ್ನು ಯಾರೂ ಮುಟ್ಟಬೇಡಿ, ಅದು ನಮ್ಮವ್ವನದು. ನಮಸ್ಕಾರ.