ಕೊನೆಯ ಸಾಲಿನ ಕರವಸ್ತ್ರ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ಈ ಕಟ್ಟಡವನ್ನು ಎರಡು ವರ್ಷ ಬಿಚ್ಚಿ ಮತ್ತೆ ಜೋಡಿಸಿದ ಬಡಗಿಗಳೇ, ಗಾರೆ ಕೆಲಸದವರೇ, ದೀಪದವರೇ, ಕೆಳಗೂ ಮೇಲಿನ ಗ್ಯಾಲರಿಯಲ್ಲೂ ಕುಳಿತಿರುವ ಸಭಿಕರೇ,

ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಮೂವತ್ತೆಂಟು ವರ್ಷ ಈ ರಂಗಮಂದಿರದ ವ್ಯವಸ್ಥಾಪಕಿಯಾಗಿದ್ದವಳು ನಾನು. ಹತ್ತು ನಿಮಿಷ ಎಂದು ನಿಂತವರು ಮುಕ್ಕಾಲು ಗಂಟೆ ಮಾತಾಡುವುದನ್ನು ಪರದೆಯ ಪಕ್ಕದಲ್ಲಿ ನಿಂತು ಕೇಳಿದ್ದೇನೆ. ಇಬ್ಬರ ಮೇಲೆ ಪರದೆ ಇಳಿಸಿಯೂ ಇದ್ದೇನೆ. ಆದ್ದರಿಂದ ಗಡಿಯಾರ ನೋಡಿಕೊಂಡೇ ಮಾತಾಡುತ್ತೇನೆ.

ಈಗ ತಾನೇ ಅಧ್ಯಕ್ಷರು ಸನ್ಮಾನ ಪತ್ರ ಓದಿದರು. ಚೆನ್ನಾಗಿ ಓದಿದರು. ಶಿಸ್ತಿನವಳು ಎಂದಿದ್ದಾರೆ, ನಿಜ. ಒಂದು ಪ್ರದರ್ಶನವೂ ತಡವಾಗಿ ಶುರುವಾಗಲಿಲ್ಲ ಎಂದಿದ್ದಾರೆ, ಅದೂ ನಿಜ. ಆದರೆ ಕೊನೆಯಲ್ಲೊಂದು ಸಾಲಿದೆ: "ಈ ಪುರಾತನ ಮಂದಿರದ ಒಂದು ಹಲಗೆಗೂ ಧಕ್ಕೆ ಬಾರದಂತೆ ಕಾಪಾಡಿದವರು." ಆ ಸಾಲು ಸುಳ್ಳು. ಬರೆದವರ ತಪ್ಪಲ್ಲ, ಅವರಿಗೆ ಗೊತ್ತಿರಲಿಲ್ಲ. ನನಗೆ ಸಲ್ಲಬೇಕಾದ ಹೊಗಳಿಕೆಯೇ ಬೇಕಾದಷ್ಟಿರುವಾಗ ಸಲ್ಲದ್ದನ್ನು ನಾನೇಕೆ ಮನೆಗೆ ಹೊತ್ತುಕೊಂಡು ಹೋಗಲಿ?

ನಾನು ಓದಿದ್ದು ಹತ್ತನೇ ತರಗತಿ. ಟಿಕೆಟ್ ಕಿಟಕಿಯಲ್ಲಿ ಕೆಲಸ ಶುರುಮಾಡಿ, ಮೆಟ್ಟಿಲು ಮೆಟ್ಟಿಲಾಗಿ ವ್ಯವಸ್ಥಾಪಕಿಯಾದೆ. ಆಗ ನಮ್ಮಲ್ಲಿ ಒಂದು ಪರೀಕ್ಷೆ ಇತ್ತು. ಹೊಸ ನಾಟಕ ತೆರೆಯುವ ದಿನ ಬೆಳಿಗ್ಗೆ ನಟರು ಒಬ್ಬೊಬ್ಬರಾಗಿ ಇಲ್ಲಿ, ನಾನು ನಿಂತಿರುವ ಈ ಜಾಗದಲ್ಲಿ ನಿಂತು ಒಂದು ಮಾತು ಹೇಳಬೇಕು. ಕೂಗುವಂತಿಲ್ಲ. ಪಕ್ಕದಲ್ಲಿ ಕೂತವರಿಗೆ ಹೇಳುವಷ್ಟೇ ಧ್ವನಿ. ಗ್ಯಾಲರಿಯ ಕೊನೆಯ ಸಾಲಿನ ಕೊನೆಯ ಕುರ್ಚಿಯಲ್ಲಿ ವ್ಯವಸ್ಥಾಪಕಿ ಕೂರಬೇಕು. ಮಾತು ಸ್ಪಷ್ಟವಾಗಿ ಕೇಳಿದರೆ ಬಿಳಿ ಕರವಸ್ತ್ರ ಎತ್ತಬೇಕು. ಮೂರು ಅವಕಾಶ. ಅಷ್ಟರಲ್ಲಿ ಕರವಸ್ತ್ರ ಏಳದಿದ್ದರೆ ಆ ಪಾತ್ರ ಬೇರೆಯವರಿಗೆ. ಎಲ್ಲರಿಗೂ ಎದ್ದ ಮೇಲೆಯೇ ಮಂದಿರ ಸಿದ್ಧ ಎಂದು ಬಾಗಿಲಲ್ಲಿ ಫಲಕ ಹಾಕುತ್ತಿದ್ದೆವು.

ಈಗ ಇಲಿಗಳ ವಿಷಯಕ್ಕೆ ಬರುತ್ತೇನೆ. ನಗಬೇಡಿ, ಅದೇ ಮುಖ್ಯ ವಿಷಯ.

ವೇದಿಕೆಯ ಮುಂದೆ ವಾದ್ಯದವರು ಕೂರುವ ತಗ್ಗು ಇದೆಯಲ್ಲ, ಅದರ ಹಲಗೆಗಳ ಕೆಳಗೆ ಆಳೆತ್ತರದ ಖಾಲಿ ಜಾಗವಿದೆ. ದೋಣಿಯ ಹೊಟ್ಟೆಯ ಹಾಗೆ, ಸುತ್ತಲೂ ಮರ. ಇಪ್ಪತ್ತೆರಡು ವರ್ಷಗಳ ಹಿಂದೆ ಇಲಿಗಳು ಅಲ್ಲಿ ಸಂಸಾರ ಹೂಡಿದವು. ರಾಣಿಯ ಪಾತ್ರದ ಮಖಮಲ್ಲಿನ ಉಡುಪು ಹಿಂದಿನಿಂದ ಪೂರ್ತಿ ತಿಂದುಹಾಕಿದವು. ಪಾಪ, ಆ ರಾಣಿ ಎರಡು ಗಂಟೆ ಯಾರಿಗೂ ಬೆನ್ನು ತೋರಿಸದೆ ರಾಜ್ಯಭಾರ ಮಾಡಿದಳು. ನನಗೆ ಸಿಟ್ಟು ಬಂತು. ಆ ಜಾಗಕ್ಕೆ ಮರಳು ತುಂಬಿ ಮೇಲೆ ಸಿಮೆಂಟ್ ಹಾಕಿಬಿಡಿ ಎಂದೆ.

ಆಗಿನ ಬಡಗಿ ನನ್ನ ತಂದೆಯ ವಯಸ್ಸಿನವರು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಹೇಳಿದರು: "ಬೇಡಮ್ಮ. ಅದು ಖಾಲಿ ಇರ್ಲಿ ಅಂತಾನೇ ಬಿಟ್ಟಿರೋದು. ತುಂಬಿದ್ರೆ ಮಾತು ಮೇಲಕ್ಕೆ ಹೋಗಲ್ಲ."

"ಮೂಟೆ ಹೊರೋಕೆ ಬೇಜಾರು ಅಂತ ನೇರವಾಗಿ ಹೇಳಿ, ಕಥೆ ಕಟ್ಟಬೇಡಿ" ಎಂದೆ.

ಅವರು ಟೋಪಿ ಹಾಕಿಕೊಂಡರು. ಮೂಟೆ ಹೊತ್ತರು. ಮತ್ತೆ ಆ ಮಾತು ಎತ್ತಲಿಲ್ಲ. ಇಂದು ಅವರಿಲ್ಲ. ಅವರ ಮುಂದೆ ಹೇಳಬೇಕಾಗಿದ್ದನ್ನು ನಿಮ್ಮ ಮುಂದೆ ಹೇಳುತ್ತಿದ್ದೇನೆ.

ಅದಾಗಿ ಎರಡು ತಿಂಗಳಿಗೆ ಹೊಸ ನಾಟಕ. ಮುಖ್ಯ ಪಾತ್ರ ನನ್ನ ತಂಗಿಯದು. ಹದಿನೇಳು ವರ್ಷ ಇದೇ ವೇದಿಕೆಯ ಮೇಲೆ ನಿಂತವಳು. ನಾನು ಮೇಲೆ ಹೋಗಿ ಕುಳಿತೆ. ಅವಳ ತುಟಿ ಆಡಿದ್ದು ಕಂಡಿತು, ಮಾತು ಕೇಳಲಿಲ್ಲ. ಇನ್ನೊಂದು ಸಲ. ಇಲ್ಲ. ಮೂರನೇ ಸಲ. ಇಲ್ಲ. ಸ್ವಂತ ತಂಗಿ ಎಂದು ಸಡಿಲ ಬಿಟ್ಟರೆ ಉಳಿದವರು ಏನಂದಾರು? ಕೆಳಗಿಳಿದು ಬಂದು ಎಲ್ಲರೆದುರು ಹೇಳಿದೆ: "ನಿನ್ನ ಗಂಟಲು ಹೋಗಿದೆ."

"ಅಕ್ಕ, ನಂಗೇನೂ ಆಗಿಲ್ಲ. ಮನೇಲಿ ಹೇಳಿದಾಗ ಎರಡು ಬೀದಿ ಆಚೆ ಕೇಳ್ತಿತ್ತು."

"ಮನೇನ ನೋಡೋಕೆ ಜನ ಟಿಕೆಟ್ ತಗೊಳ್ಳಲ್ಲ" ಎಂದೆ.

ಎಷ್ಟು ಚೆನ್ನಾಗಿ ಮಾತಾಡಿದೆ ಎಂದುಕೊಂಡಿದ್ದೆ ಆಗ.

ಅವಳು ಬಣ್ಣದ ಪೆಟ್ಟಿಗೆ ಇಲ್ಲೇ ಬಿಟ್ಟು ಹೋದಳು. ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಮದುವೆಗಳಲ್ಲಿ, ಸಾವಿನ ಮನೆಗಳಲ್ಲಿ ಸಿಕ್ಕಾಗ "ಊಟ ಆಯ್ತಾ" ಎಂದರೆ "ಆಯ್ತು" ಎನ್ನುತ್ತಿದ್ದಳು, ಅಷ್ಟೇ. ಅದನ್ನೂ ಎಷ್ಟು ಮೆಲ್ಲಗೆ ಹೇಳುತ್ತಿದ್ದಳೆಂದರೆ ಬಗ್ಗಿ ಕೇಳಬೇಕಿತ್ತು. ನೋಡಿದೆಯಾ, ನಾನು ಹೇಳಿದ್ದು ಸರಿಯೇ ಇತ್ತು ಎಂದುಕೊಂಡೆ. ಗಂಟಲು ಹೋಗಿದೆ ಎಂದು ನಂಬಿದವರೂ ಹಾಗೆಯೇ ಮಾತಾಡುತ್ತಾರೆ ಎಂದು ನನಗೆ ಹೊಳೆಯಲಿಲ್ಲ.

ಅಂದು ಅವಳ ಬದಲು ನಿಂತವಳೂ, ಆ ವರ್ಷ ಆಮೇಲೆ ಬಂದ ನಟರೆಲ್ಲರೂ ಪರೀಕ್ಷೆಯಲ್ಲಿ ಸೋತರು. ಎಲ್ಲರೂ. ಆಗಲಾದರೂ ನೆಲ ನೋಡಬೇಕಿತ್ತಲ್ಲವೇ? ನಾನು ನೋಡಲಿಲ್ಲ. ಇಡೀ ಪೀಳಿಗೆಯ ಗಂಟಲೇ ಕೆಟ್ಟಿದೆ ಎಂದು ತೀರ್ಮಾನಿಸಿ ಮೈಕು ತರಿಸಿದೆ. ಪರೀಕ್ಷೆ ನಿಲ್ಲಿಸಿದೆ.

ಈಗ ಈ ದುರಸ್ತಿ. ಇದರ ಮುಖ್ಯಸ್ಥೆ ನನ್ನ ಸೊಸೆ. ವೇದಿಕೆಯ ಮೇಲೆ ಎಡಗಡೆ ಕೂತು, ಅತ್ತೆ ಇನ್ನೇನು ಹೇಳುತ್ತಾರೋ ಎಂದು ನೆಲ ನೋಡುತ್ತಿರುವವಳೇ ಅವಳು. ಹೋದ ವರ್ಷ ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಾ ಕೇಳಿದಳು: "ಅತ್ತೆ, ವಾದ್ಯದವರ ತಗ್ಗಿನ ಕೆಳಗೆ ಮರಳು ತುಂಬಿಸಿದ್ದು ಯಾರು?"

"ಯಾಕೆ, ಸರಿಯಾಗಿ ತುಂಬಿಲ್ವಾ?"

"ತುಂಬಾ ಸರಿಯಾಗಿ ತುಂಬಿದಾರೆ. ತೆಗೆಯೋಕೆ ಹನ್ನೊಂದು ದಿನ ಆಯ್ತು."

"ನಮಗಿಂತ ಮುಂಚೆ ಇದ್ದೋರು ಇರಬೇಕು" ಎಂದು ಎದ್ದು ಹೋದೆ. ಅವಳು ತನ್ನ ವರದಿಯಲ್ಲಿ 'ಅಪರಿಚಿತರು' ಎಂದು ಬರೆದಳು. ಸೊಸೆಯೇ, ತಿದ್ದಿಕೊ. ಆ ಅಪರಿಚಿತಳ ಜೊತೆ ನೀನು ಹದಿನಾಲ್ಕು ವರ್ಷದಿಂದ ಒಂದೇ ಮನೆಯಲ್ಲಿದ್ದೀಯ.

ಹೋದ ವಾರ ಒಬ್ಬಳೇ ಬಂದು ಗ್ಯಾಲರಿಯ ಕೊನೆಯ ಕುರ್ಚಿಯಲ್ಲಿ ಕುಳಿತೆ. ಕೆಳಗೆ ಇಬ್ಬರು ಬಡಗಿಗಳು ಕೆಲಸ ಮಾಡುತ್ತಿದ್ದರು. ಒಬ್ಬ ಇನ್ನೊಬ್ಬನಿಗೆ "ಉಳಿ ಎಲ್ಲಿಟ್ಟೆ ಮಾರಾಯ?" ಎಂದ. ನನ್ನ ಕಿವಿಯ ಹತ್ತಿರ ಬಂದು ಕೇಳಿದ ಹಾಗಿತ್ತು. ನನಗೆ ತಿಳಿಯದೆಯೇ ಕೈ ಮೇಲೆ ಹೋಯಿತು. ಕೈಯಲ್ಲಿ ಕರವಸ್ತ್ರವಿರಲಿಲ್ಲ.

ಮನೆಗೆ ಹೋಗಿ ಒಂದು ಬಿಳಿ ಕರವಸ್ತ್ರ ಒಗೆದು ಇಸ್ತ್ರಿ ಮಾಡಿದೆ. ಅದರೊಳಗೆ ಇಂದಿನ ಸಭೆಯ ಒಂದು ಟಿಕೆಟ್ ಮಡಚಿಟ್ಟು ತಂಗಿಗೆ ಕಳಿಸಿದೆ. ಕೊನೆಯ ಸಾಲು, ಕೊನೆಯ ಕುರ್ಚಿ. ಪತ್ರ ಬರೆಯಲಿಲ್ಲ. ಅವಳು ಬಂದಿದ್ದಾಳೆ. ಒಳಗೆ ಕಾಲಿಟ್ಟಾಗಲೇ ನೋಡಿದೆ.

ಧ್ವನಿವರ್ಧಕ ನೋಡಿಕೊಳ್ಳುವವರೇ, ಮೈಕು ಆರಿಸಿ. ಪೂರ್ತಿ ಆರಿಸಿ. ಸಭಿಕರು ದಯವಿಟ್ಟು ಎರಡು ನಿಮಿಷ ಕೆಮ್ಮು ತಡೆದುಕೊಳ್ಳಿ. ನಾನು ಕನ್ನಡಕ ಹಾಕಿಕೊಳ್ಳುತ್ತೇನೆ. ಕೂಗುವುದಿಲ್ಲ. ಅದೇ ನಿಯಮ.

ತಂಗಿ, ನಿನ್ನ ಗಂಟಲು ಸರಿಯಿತ್ತು. ತಪ್ಪು ನೆಲದಲ್ಲಿತ್ತು.

ಹತ್ತನೇ ಸಾಲಿನವರು ತಲೆಯಾಡಿಸುತ್ತಿದ್ದೀರಿ. ನಿಮ್ಮನ್ನು ಕೇಳಲಿಲ್ಲ.

ಕರವಸ್ತ್ರ ಏಳಲಿಲ್ಲ. ಇರಲಿ, ಇನ್ನೊಂದು ಸಲ. ನಿನ್ನ ಗಂಟಲು ಸರಿಯಿತ್ತು. ತಪ್ಪು ಮರಳಿನದು.

ಪಕ್ಕದ ಕುರ್ಚಿಯವರು ಅವಳ ಕಡೆ ತಿರುಗಿ ನೋಡಿದರು. ಅಂದರೆ ಮಾತು ಅಲ್ಲಿಗೆ ತಲುಪುತ್ತಿದೆ. ಕರವಸ್ತ್ರ ಮಾತ್ರ ಮಡಿಲಲ್ಲೇ ಇದೆ. ಅವಳು ಮಾಡುತ್ತಿರುವುದು ಸರಿಯಾಗಿದೆ. ಮರಳು ತಾನಾಗಿ ನಡೆದು ಬಂದು ತುಂಬಿಕೊಳ್ಳಲಿಲ್ಲ. ಇದು ನನ್ನ ಮೂರನೇ ಅವಕಾಶ.

ತಂಗಿ, ನಿನ್ನ ಗಂಟಲು ಸರಿಯಿತ್ತು. ತಪ್ಪು ನನ್ನದು.

ಕಂಡೆ. ಸಾಕು, ಕೈ ಇಳಿಸು, ತೋಳು ನೋಯುತ್ತದೆ.

ಅಧ್ಯಕ್ಷರೇ, ಪರೀಕ್ಷೆ ಮುಗಿಯಿತು. ಮಂದಿರ ಸಿದ್ಧವಾಗಿದೆ, ಬಾಗಿಲಲ್ಲಿ ಫಲಕ ಹಾಕಿಸಬಹುದು. ಸನ್ಮಾನ ಪತ್ರದ ಕೊನೆಯ ಸಾಲು ಹೊಡೆದುಹಾಕಿ ಕೊಡಿ, ಉಳಿದದ್ದನ್ನು ಸಂತೋಷದಿಂದ ತೆಗೆದುಕೊಂಡು ಹೋಗುತ್ತೇನೆ. ಮೈಕಿಲ್ಲದೆಯೂ ಇಷ್ಟು ಹೊತ್ತು ಕೇಳಿಸಿಕೊಂಡಿರಿ, ನಿಮಗೆಲ್ಲ ಕೃತಜ್ಞಳು. ನಮಸ್ಕಾರ.