ಅರ್ಧ ಸ್ವರ ಕೆಳಗೆ

ಏಪ್ರಿಲ್ ತಿಂಗಳ ಆ ಮಧ್ಯಾಹ್ನ ಮಸ್ಕತ್ತಿನ ವಾದಿ ಅದಾಯ್‌ನಲ್ಲಿ ನೀರು ಬಂದಿತ್ತು. ವರ್ಷವಿಡೀ ಬರಿಯ ಕಲ್ಲು ಹಾಸಿಕೊಂಡು ಬಿದ್ದಿರುವ ಆ ಹಳ್ಳ, ಬೆಟ್ಟದ ಮೇಲೆ ಎರಡು ತಾಸು ಮಳೆ ಸುರಿದದ್ದೇ ತಡ, ಕಂದು ಬಣ್ಣದ ಹೊಳೆಯಾಗಿ ರಸ್ತೆಯನ್ನು ದಾಟತೊಡಗಿತ್ತು. ಪೊಲೀಸರು ಎರಡೂ ಕಡೆ ಗಾಡಿ ಅಡ್ಡ ನಿಲ್ಲಿಸಿದ್ದರು. ಕಾರಿನ ಸೀಟಿನ ಹೊದಿಕೆ ಬದಲಾಯಿಸಲೆಂದು ಬಂದಿದ್ದ ನಾನೂ ನನ್ನ ಹೆಂಡತಿ ಲೋಲಾಕ್ಷಿಯೂ ಹರ್ಷಿತನ ಅಂಗಡಿಯಲ್ಲೇ ಉಳಿಯಬೇಕಾಯಿತು.

ಹರ್ಷಿತ್ ನಮ್ಮ ಕಾಪು ಕಡೆಯವನು. ಅಂಗಡಿಯೊಳಗೆ ರೆಕ್ಸಿನ್ನಿನ, ಗೋಂದಿನ ವಾಸನೆ. ಇರಚಲು ಬಡಿಯುತ್ತದೆಂದು ಷಟರನ್ನು ಅರ್ಧ ಇಳಿಸಿ, ಕೆಟಲಿನಲ್ಲಿ ಹಾಲಿಲ್ಲದ ಚಹಾ ಕುದಿಸಿ ಎಲ್ಲರಿಗೂ ಕೊಟ್ಟ. ಎಲ್ಲರೂ ಎಂದರೆ ನಾವಿಬ್ಬರು, ಅವನು, ಮತ್ತು ಸ್ಟ್ಯಾನ್ಲಿ. ಸ್ಟ್ಯಾನ್ಲಿಗೆ ಎಪ್ಪತ್ತಾರು. ಹಿಂದೆ ಹೋಟೆಲ್ ಬ್ಯಾಂಡುಗಳಲ್ಲಿ ವಾದ್ಯ ನುಡಿಸುತ್ತಿದ್ದವರು. ಈಗ ಇದೇ ಕಟ್ಟಡದ ಮೂರನೇ ಮಹಡಿಯಲ್ಲಿ ಮಗಳ ಜೊತೆ ಇದ್ದಾರೆ. ಹಗಲು ಹೊತ್ತು ಕೆಳಗಿಳಿದು ಬಂದು, ಯಾವುದೋ ಗಾಡಿಯಿಂದ ಕಿತ್ತಿಟ್ಟ ಸೀಟಿನ ಮೇಲೆ ಕೂತು ಬೀದಿ ನೋಡುವುದು ಅವರ ರೂಢಿ.

ಹೊತ್ತು ಹೋಗಲೆಂದು ಲೋಲಾಕ್ಷಿ ಮೊಬೈಲಿನಲ್ಲಿ ಹಾಡು ಹಾಕಿದಳು. ಓಲಿವಿಯಾ ಎಂಬ ಮಸ್ಕತ್ತಿನ ಹುಡುಗಿ, ಹಿಂದೆ ಇಲ್ಲಿ ಹಾಡುತ್ತಿದ್ದ ಕಾರ್ಮಿನ್ ಎಂಬವಳ ನೆನಪಿಗೆಂದು ಅವಳ ಒಂಬತ್ತು ಕೊಂಕಣಿ ಜಾಝ್ ಹಾಡುಗಳನ್ನು ಮತ್ತೆ ಹಾಡಿ ಎರಡು ವರ್ಷದ ಹಿಂದೆ ತಂದ ಆಲ್ಬಮ್ ಅದು. ‘ಕಾರ್ಮಿನ್‌ಗೆ’ ಎಂದು ಹೆಸರು. ಕರಾವಳಿಯ ಜನರ ಕಾರುಗಳಲ್ಲೆಲ್ಲ ಅದೇ.

“ಇದೇ ಅಲ್ವಾ, ನಡುವಿನಲ್ಲಿ ಆ ಸತ್ತವಳು ದೇವರ ಹೆಸರು ಹೇಳುವ ಹಾಡು?” ಎಂದು ಲೋಲಾಕ್ಷಿ ಕೇಳಿದಳು. “ನಮ್ಮ ಆಫೀಸಿನ ನಿಕೋಲ್ ಹೇಳಿದ್ದು. ಆಲ್ಬಮ್ಮಿಗೆ ಆಶೀರ್ವಾದ ಮಾಡಿದ್ದಾಳಂತೆ.”

“ಬಂದ್ ಮಾಡಿ ಅದನ್ನು,” ಎಂದರು ಸ್ಟ್ಯಾನ್ಲಿ.

ಹರ್ಷಿತ್ ನಕ್ಕ. “ಮಾಮ್, ಒಮಾನಿಗೆ ಬರ್ಲಿಕ್ಕೆ ದೆವ್ವಕ್ಕೂ ವೀಸಾ ಬೇಕು. ಅದಕ್ಕೆ ಜಾಮೀನು ನಿಂತು ಇಲ್ಲಿಗೆ ಕರೆಸಿದ ಕಫೀಲ್ ಯಾರಂತೆ?”

“ನಾನೇ ಮಾರಾಯ.”

ಮುದುಕ ತಮಾಷೆ ಮಾಡುತ್ತಿರಲಿಲ್ಲ. ಚಹಾದ ಲೋಟವನ್ನು ನೆಲಕ್ಕಿಟ್ಟರು. ಲೋಲಾಕ್ಷಿ ಮೊಬೈಲನ್ನು ಬಂದ್ ಮಾಡಿದಳು. ಷಟರಿನ ಮೇಲೆ ಮಳೆಯ ಸದ್ದು ಮಾತ್ರ ಉಳಿಯಿತು. ಅವರು ಹೇಳತೊಡಗಿದರು.

“ಕೇಳಿ ಅಮ್ಮ, ಆಶೀರ್ವಾದ ಅಂದ್ರಲ್ಲ, ಅದಕ್ಕೇ ಹೇಳ್ತೇನೆ… ಎಂಬತ್ತಾರನೇ ಇಸವಿ. ಇಲ್ಲೇ ಮಸ್ಕತ್ತಿನಲ್ಲಿ, ಖುರುಮ್‌ನ ಒಂದು ಹೋಟೆಲಿನಲ್ಲಿ ನಾವು ಐದು ಜನ ಬಾರಿಸ್ತಿದ್ದೆವು. ನನ್ನದು ಬೇಸ್, ಆಳೆತ್ತರದ ದಪ್ಪ ತಂತಿಯ ವಾದ್ಯ. ಹಾಡುವವಳು ಕಾರ್ಮಿನ್. ಶಂಕರಪುರದ ಹತ್ತಿರ ಮಲ್ಲಿಗೆ ಬೆಳೆಯುವವರ ಮನೆಯ ಹುಡುಗಿ. ಅವಳ ಸ್ವರ ಎಂಥದ್ದು ಗೊತ್ತುಂಟಾ? ಮೇಲೆ ಹಾರುವ ಸ್ವರ ಅಲ್ಲ ಅದು… ಗದ್ದೆಯ ಈ ಬದಿಯಲ್ಲಿ ನಿಂತು ಆಚೆ ಬದಿಯ ಎಮ್ಮೆಯನ್ನು ಕರೀತಾರಲ್ಲ ನಮ್ಮ ಹೆಂಗಸರು, ಬೊಬ್ಬೆ ಹಾಕುವುದಿಲ್ಲ, ಗಂಟಲನ್ನು ಅಗಲ ಮಾಡಿ ಕೆಳಗಿನಿಂದ ಬಿಡ್ತಾರೆ, ಎಮ್ಮೆ ಮೇಯುವುದು ಬಿಟ್ಟು ತಲೆ ಎತ್ತುತ್ತದೆ… ಆ ಸ್ವರ. ಜಾಝ್ ಧಾಟಿಗೆ ಅವಳೇ ಕೊಂಕಣಿ ಹಾಡು ಕಟ್ಟಿದ್ದಳು. ಎಣ್ಣೆ ಕಂಪೆನಿಯ ಬಿಳಿಯರು ಒಂದು ಅಕ್ಷರ ಅರ್ಥ ಆಗದೆ, ತಟ್ಟೆಯ ಊಟ ಆರ್ಲಿಕ್ಕೆ ಬಿಟ್ಟು ಕೇಳ್ತಿದ್ರು.

“ಒಂದು ಸಂಜೆ ನಾನು ನನ್ನ ಟೇಪ್ ರೆಕಾರ್ಡರ್ ತಕ್ಕೊಂಡು ಹೋದೆ. ಪ್ಲಗ್ಗೆಲ್ಲ ಮೈಕಿಗೆ, ಸ್ಪೀಕರಿಗೆ ಹೋಗಿತ್ತು. ಆರು ಸೆಲ್ಲು ಹಾಕಿ ಮೇಜಿನ ಅಡಿ ಇಟ್ಟೆ. ಹಳೇ ಸೆಲ್ಲು. ಇಲ್ಲಿ ಸ್ವಲ್ಪ ಗಮನ ಕೊಡಿ… ಸೆಲ್ಲು ಸೋತಿದ್ರೆ ರೆಕಾರ್ಡ್ ಮಾಡುವಾಗ ಟೇಪು ನಿಧಾನ ಓಡ್ತದೆ. ನಿಧಾನಕ್ಕೆ ತುಂಬಿಸಿದ್ದನ್ನು ಮನೆಯ ಕರೆಂಟಿನಲ್ಲಿ ಸರಿಯಾದ ಸ್ಪೀಡಿಗೆ ಹಾಕಿದ್ರೆ? ಎಲ್ಲ ಮೇಲೆ ಹೋಗ್ತದೆ. ಹಾಡು ಚುರುಕು, ಸ್ವರ ಎತ್ತರ. ಬಹಳ ಇಲ್ಲ… ಅರ್ಧ ಸ್ವರ.

“ಮರುದಿನ ಬೆಳಿಗ್ಗೆ ಟೇಪಿನ ಜೊತೆ ಬೇಸ್ ಹಿಡಿದು ಕೂತೆ ನೋಡಿ, ನಾನೇ ಬಾರಿಸಿದ್ದಕ್ಕೆ ನನ್ನ ತಂತಿಯೇ ಕೂಡ್ಲಿಲ್ಲ. ಆಗಲೇ ಗೊತ್ತಾಯ್ತು ನನಗೆ. ಆದ್ರೆ ಅಷ್ಟರಲ್ಲಿ ಬ್ಯಾಂಡಿನವರು ಕೇಳಿ ಕುಣೀತಾ ಇದ್ರು. ‘ಸ್ಟ್ಯಾನ್ಲಿ, ಎಂಥ ರೆಕಾರ್ಡಿಂಗ್ ಮಾರಾಯ! ಎಷ್ಟು ಎತ್ತರ ಹೋಗಿದ್ದಾಳೆ ನೋಡು ಇವಳು!’ ಅಂತ. ಹೊಗಳುವವರ ಬಾಯಿ ಮುಚ್ಚಿಸ್ಲಿಕ್ಕೆ ಯಾರಿಗೆ ಮನಸ್ಸು ಬರ್ತದೆ, ಹೇಳಿ? ಕಾರ್ಮಿನ್ ಒಬ್ಬಳು ಮುಖ ಸಣ್ಣ ಮಾಡಿದಳು. ‘ಹೊ ತಾಳೊ ಮ್ಹಜೊ ನ್ಹಯ್’ ಅಂದಳು. ಈ ಸ್ವರ ನನ್ನದಲ್ಲ ಅಂತ. ನಾನು ನಗಾಡಿದೆ. ‘ಟೇಪಿನಲ್ಲಿ ತನ್ನ ಸ್ವರ ಕೇಳಿದ್ರೆ ಎಲ್ರಿಗೂ ಹಾಗೇ ಆಗುವುದು’ ಅಂದೆ. ಹೌದಲ್ವಾ? ಸುಳ್ಳಾ ಅದು? ಸತ್ಯವನ್ನೇ ಹೇಳಿ ಸುಳ್ಳಾಡಿದೆ ನಾನು.

“ಆ ಕ್ಯಾಸೆಟ್ ಕೈಯಿಂದ ಕೈಗೆ ಹೋಯ್ತು. ಬಹ್ರೇನಿನ ಒಂದು ಹೋಟೆಲಿನವರು ಅದನ್ನು ಕೇಳಿಯೇ ಅವಳನ್ನು ಕರೆದ್ರು. ಅಲ್ಲಿಯ ಪಿಯಾನೋದವನು ಕ್ಯಾಸೆಟ್ಟಿಗೆ ಸರಿಯಾಗಿಯೇ ಸ್ವರ ಕೊಡುವುದು. ‘ಕ್ಯಾಸೆಟ್ಟಿನಲ್ಲಿ ಹಾಡಿದ್ದು ಇಲ್ಲಿ ಯಾಕೆ ಆಗುವುದಿಲ್ಲ? ಸೋಮಾರಿತನವಾ?’ ಅಂತ ಕೇಳ್ತಿದ್ದನಂತೆ. ಅವಳಿಗೂ ಅನಿಸಿರಬೇಕು, ಅಲ್ಲಿ ಹಾಡಿದವಳು ನಾನೇ ಅಲ್ವಾ ಅಂತ. ಹತ್ತಿದಳು. ಐದು ತಿಂಗಳು ದಿನಾ ಆ ಎತ್ತರಕ್ಕೆ ಹತ್ತಿದಳು… ಆಮೇಲೆ ಗಂಟಲಿನಿಂದ ಬರೀ ಗಾಳಿ.

“ನಾನು ರಜೆಯಲ್ಲಿ ಊರಿಗೆ ಹೋದವನು ನೋಡ್ಲಿಕ್ಕೆ ಹೋಗಿದ್ದೆ. ಅಂಗಳದಲ್ಲಿ ಕೂತು ಮಲ್ಲಿಗೆ ಕಟ್ತಾ ಇದ್ದಳು. ದನವನ್ನು ಕರೀಲಿಕ್ಕೂ ಸ್ವರ ಇಲ್ಲ. ಅಲ್ಯುಮಿನಿಯಂ ತಟ್ಟೆ ಬಡಿದು ಕರೀತಿದ್ದಳು, ಟಣ್ ಟಣ್ ಅಂತ… ನನ್ನನ್ನು ಕಂಡು ಎರಡು ಬೆರಳನ್ನು ಗಾಳಿಯಲ್ಲಿ ಸುತ್ತಿಸಿದಳು. ಟೇಪು ತಿರುಗುವ ಹಾಗೆ. ಟೇಪು ಸರಿ ಇತ್ತಾ, ಅಂತ ಕೇಳಿದ್ದು. ‘ಸರಿ ಇತ್ತು’ ಅಂದೆ ನಾನು. ಮತ್ತೆಂತ ಹೇಳುವುದು? ಮೊದಲ ದಿನ ಹೇಳಿದ್ರೆ ಸಣ್ಣ ತಪ್ಪು, ನಗಾಡಿ ಬಿಡುವಂಥದ್ದು. ಬಹ್ರೇನಿಗೆ ಹೋದ ಮೇಲೆ ಹೇಳಿದ್ರೆ ದೊಡ್ಡದು. ಸ್ವರ ಹೋದ ಮೇಲೆ ಹೇಳಿದ್ರೆ? ಕೊಲೆಯೇ ಆಯ್ತಲ್ಲ. ಮೂರು ವರ್ಷದಲ್ಲಿ ತೀರಿಹೋದಳು. ನಾನು ಮಣ್ಣಿಗೆ ಹೋಗಲಿಲ್ಲ. ರಜೆ ಸಿಗಲಿಲ್ಲ ಅಂತ ಎಲ್ರಿಗೂ ಹೇಳಿದೆ.”

ಹೊರಗೆ ಪೊಲೀಸ್ ಗಾಡಿ ಒಮ್ಮೆ ಕೂಗಿ ಸುಮ್ಮನಾಯಿತು. ಹರ್ಷಿತ್ ಷಟರಿನಡಿ ಬಗ್ಗಿ ನೋಡಿ, “ಖಲಾಸ್, ಇನ್ನು ಎರಡು ಗಂಟೆ ರಸ್ತೆ ಇಲ್ಲ” ಎಂದು ಬಂದು ಕೂತ.

“ಆ ರೆಕಾರ್ಡಿಂಗಿಗೆ ಮೂವತ್ತೈದು ವರ್ಷ ಆದ ಮೇಲೆ, ಅದೇ ಕ್ಯಾಸೆಟ್ ಕೇಳಿ ಈ ಓಲಿವಿಯಾ ಬಂದಳು. ಇಲ್ಲೇ ಹುಟ್ಟಿ ಬೆಳೆದವಳು. ಕೊಂಕಣಿ ಅಂದ್ರೆ ಅಜ್ಜಿಯ ಹತ್ತಿರ ಮಾತಾಡ್ಲಿಕ್ಕೆ ನಾಲ್ಕು ಶಬ್ದ, ಉಳಿದದ್ದೆಲ್ಲ ಇಂಗ್ಲಿಷ್. ಆದ್ರೆ ಗಂಟಲು… ಕಣ್ಣು ಮುಚ್ಚಿ ಕೇಳಿದ್ರೆ ಕಾರ್ಮಿನ್ನೇ. ಅದೇ ತಗ್ಗಿನ ಸ್ವರ. ಸ್ಟುಡಿಯೋ ಇದೇ ಕಟ್ಟಡದಲ್ಲಿ, ನಮ್ಮ ತಲೆಯ ಮೇಲೆ, ಎರಡನೇ ಮಹಡಿ. ಸ್ಯಾವಿಯೋ ಅಂತ ಅವಳ ಗೆಳೆಯ, ಸೌಂಡ್ ಇಂಜಿನಿಯರು, ಸದ್ದು ತಡೀಲಿಕ್ಕೆ ಕೋಣೆಯ ಗೋಡೆಗೆಲ್ಲ ಹಾಸಿಗೆ ಹೊಡೆದು ಮಾಡಿದ್ದು. ಶುಕ್ರವಾರ ಇಲ್ಲಿ ವಾರದ ರಜೆ, ಈ ವರ್ಕ್‌ಶಾಪುಗಳ ಸುತ್ತಿಗೆ ಸದ್ದು ಇರುವುದಿಲ್ಲ ಅಲ್ವಾ, ಚರ್ಚಿನಿಂದ ಬಂದು ಮಧ್ಯಾಹ್ನ ರೆಕಾರ್ಡಿಂಗ್. ನನ್ನನ್ನು ಒಂದು ಕುರ್ಚಿ ಹಾಕಿ ಕೂರಿಸ್ತಿದ್ರು. ಕಾರ್ಮಿನ್ನಿನ ಸ್ವರ ಉಳಿಸಿಕೊಟ್ಟ ಸ್ಟ್ಯಾನ್ಲಿ ಅಂಕಲ್ ಅಂತ!

“ಮೊದಲ ದಿನವೇ ಕ್ಯಾಸೆಟ್ಟಿನ ಎತ್ತರಕ್ಕೆ ಹಾಡ್ಲಿಕ್ಕೆ ಹುಡುಗಿಗೆ ಕಷ್ಟ ಆಯ್ತು. ಸ್ಯಾವಿಯೋ ಹೇಳಿದ, ‘ಓಲಿ, ಅರ್ಧ ಸ್ವರ ಇಳಿಸುವಾ, ನಿನಗೆ ಚೆಂದ ಕೂರ್ತದೆ.’ ಅವಳಿಗೆ ಸಿಟ್ಟು ಬಂತು. ‘ಕಾರ್ಮಿನ್ ಆಂಟಿ ಅಲ್ಲಿ ಹಾಡಿದ್ದಾಳೆ. ನನಗೆ ಆಗುವುದಿಲ್ಲ ಅಂತ ಇಳಿಸಿದ್ರೆ ಟ್ರಿಬ್ಯೂಟ್ ಹೇಗಾಗ್ತದೆ? ಅಲ್ವಾ ಅಂಕಲ್?’ ಅಂತ ನನ್ನ ಕಡೆ ತಿರುಗಿದಳು. ನೋಡಿ, ಆ ಹೊತ್ತಿಗೆ ಬೇಕಾದದ್ದು ಒಂದೇ ಮಾತು… ಒಂದೇ ಒಂದು. ನನ್ನ ಬಾಯಿಂದ ಬಂದದ್ದು, ‘ಹೌದು ಮಗಾ’.

“ಹಾಡಿದ್ದನ್ನು ಸ್ಯಾವಿಯೋ ತಿರುಗಿ ಕೇಳಿಸಿದ. ಅವಳ ಸ್ವರದ ಅಡಿಯಲ್ಲಿ ಇನ್ನೊಂದು ಸ್ವರ ಉಂಟು. ಸರಿಯಾಗಿ ಅರ್ಧ ಕೆಳಗೆ. ಎರಡು ಒಟ್ಟಿಗೆ ಕೇಳಿದ್ರೆ ಹಲ್ಲು ಜುಮ್ ಅನ್ನಬೇಕು. ಸ್ಯಾವಿಯೋ ವಯರ್ ಬದಲಾಯಿಸಿದ, ಮೈಕ್ ಬದಲಾಯಿಸಿದ, ‘ಎಲ್ಲಿಂದಲೋ ಲೀಕ್ ಆಗ್ತಾ ಉಂಟು’ ಅಂದ. ನನಗೆ ಕೂಡಲೇ ಗುರುತು ಸಿಕ್ಕಿತು, ಕಾರ್ಮಿನ್ನೇ. ಆ ಸ್ವರದ ಪಕ್ಕದಲ್ಲಿ ನಿಂತು ನಾನು ಎಷ್ಟು ವರ್ಷ ಬಾರಿಸಿದವ! ಆಮೇಲೆ ಹಾಡಿನ ನಡುವೆ ಓಲಿವಿಯಾ ಉಸಿರು ತಕ್ಕೊಳ್ಳುವ ಜಾಗ ಇತ್ತಲ್ಲ, ಅಲ್ಲಿ ಒಂದು ಶಬ್ದ ಕೇಳಿತು. ಓಲಿವಿಯಾ ಹೆಡ್‌ಫೋನ್ ಒತ್ತಿ ಹಿಡಿದು ಮೂರು ಸಲ ಕೇಳಿದಳು. ಕಣ್ಣಲ್ಲಿ ನೀರು. ‘ಅಂಕಲ್, ಶೀ ಈಸ್ ಸೇಯಿಂಗ್ ದೇವ್. ದೇವ್ ಅಂದ್ರೆ ಗಾಡ್ ಅಲ್ವಾ? ಆಂಟಿ ನನಗೆ ಬ್ಲೆಸ್ ಮಾಡ್ತಿದ್ದಾಳೆ!’

“ದೇವ್ ಅಂದ್ರೆ ದೇವರು, ಹೌದು. ಆದ್ರೆ ಅವಳು ಹೇಳಿದ್ದು ದೇವ್ ಅಲ್ಲ ಅಮ್ಮ… ದೆಂವ್. ಮೂಗಿನಲ್ಲಿ ಸ್ವಲ್ಪ, ಅಷ್ಟೇ ವ್ಯತ್ಯಾಸ. ಮನೆಯಲ್ಲಿ ಕೊಂಕಣಿ ಕೇಳಿ ಬೆಳೆದವರಿಗೆ ಹೇಳಿಕೊಡಬೇಕಾಗಿಲ್ಲ. ಮರ ಹತ್ತಿದ ಮಗುವಿಗೆ ತಾಯಿ ಕೆಳಗೆ ನಿಂತು ಹೇಳುವ ಮಾತು ಅದು. ದೆಂವ್. ಇಳಿ. ಕೆಳಗೆ ಇಳಿ ಅಂತ.

“ನನಗೆ ಅರ್ಥ ಆಯ್ತು. ‘ಹೌದು, ದೇವರ ಹೆಸರೇ’ ಅಂದೆ. ಇಳಿ ಅಂತ ಹೇಳ್ತಿದ್ದಾಳೆ ಅಂದ್ರೆ ಯಾಕೆ ಅಂತ ಕೇಳುವುದಿಲ್ವಾ? ಎಲ್ಲಿಂದ ಅಂತ ಕೇಳುವುದಿಲ್ವಾ? ನಾವು ಮೂವರೂ ಶಿಲುಬೆಯ ಗುರುತು ಮಾಡಿದೆವು. ಅದನ್ನು ಅಳಿಸಬಾರದು, ಹಾಗೇ ಇರಲಿ ಅಂತ ತೀರ್ಮಾನ ಆಯ್ತು.

“ಮುಂದಿನ ಶುಕ್ರವಾರ ಮತ್ತೆ ದೆಂವ್. ಅದರ ಮುಂದಿನ ಶುಕ್ರವಾರ ಎರಡು ಸಲ. ಮೊದಮೊದಲು ಸಮಾಧಾನದಲ್ಲಿ ಹೇಳ್ತಿದ್ದವಳು ಆಮೇಲೆ ಗದರಿಸ್ಲಿಕ್ಕೆ ಸುರು ಮಾಡಿದಳು. ಹುಡುಗಿ ಬ್ಲೆಸ್ಸಿಂಗ್ ಅಂತ ಇನ್ನೂ ಜೋರು ಹಾಡ್ತಾಳೆ! ಅವಳ ಮಾತು ಒಡೀಲಿಕ್ಕೆ ಸುರುವಾಯ್ತು. ಜೇನು, ಶುಂಠಿ, ಬಿಸಿನೀರು. ಏಳನೇ ಶುಕ್ರವಾರ ಕೆಮ್ಮಿ ಟಿಶ್ಯೂ ನೋಡಿ ಅದನ್ನು ಮಡಚಿ ಪರ್ಸಿಗೆ ಹಾಕಿದಳು. ಕೆಂಪು ನಾನು ನೋಡಿದೆ. ನೋಡಿಯೂ ಕುರ್ಚಿಯಲ್ಲಿ ಕೂತಿದ್ದೆ. ಒಂಬತ್ತನೇ ಹಾಡು ಮುಗಿದ ಮರುವಾರ ಆಸ್ಪತ್ರೆ, ಆಪರೇಷನ್. ಈಗ ಅವಳು ಮಾತಾಡಿದ್ರೆ ಕಾಗದ ಉಜ್ಜಿದ ಹಾಗೆ ಕೇಳ್ತದೆ. ಪ್ರಾಯ ಮೂವತ್ತೊಂದು, ಅಷ್ಟೇ.

“ಆಲ್ಬಮ್ ಬಿಡುಗಡೆಗೆ ಖುರುಮ್‌ನಲ್ಲಿ ದೊಡ್ಡ ಹಾಲ್ ಮಾಡಿದ್ರು. ಓಲಿವಿಯಾ ಎದುರಿನ ಸಾಲಿನಲ್ಲಿ ಕುತ್ತಿಗೆಗೆ ಸ್ಕಾರ್ಫ್ ಸುತ್ತಿ ಕೂತಿದ್ದಳು. ನನಗೆ ಶಾಲು ಹೊದಿಸಿದ್ರು. ಫೋಟೋ ಉಂಟು, ಮಗಳು ಗೋಡೆಗೆ ಹಾಕಿದ್ದಾಳೆ. ಆ ದಿನ ಊಟದ ಹೊತ್ತಿಗೆ ನಾನು ಅವಳ ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಸೆಲ್ಲು, ಟೇಪು, ದೆಂವ್, ಎಲ್ಲ. ಅವಳು ಅಳಲಿಲ್ಲ. ಮೊಬೈಲಿನಲ್ಲಿ ಬರೆದು ತೋರಿಸಿದಳು. ‘ಇದನ್ನು ಮೊದಲ ಶುಕ್ರವಾರ ಹೇಳ್ಲಿಕ್ಕೆ ಎಷ್ಟು ನಿಮಿಷ ಬೇಕಿತ್ತು ಅಂಕಲ್?’ ”

ಸ್ಟ್ಯಾನ್ಲಿ ನೆಲದ ಮೇಲಿದ್ದ ಲೋಟ ಎತ್ತಿಕೊಂಡು ಆರಿದ ಚಹಾ ಕುಡಿದರು. ಮುಗಿಯಿತೆಂದು ನಾವು ತಿಳಿದೆವು.

“ಆ ಹೆಂಗಸಿಗೆ ಈಗಲಾದ್ರೂ ಸಮಾಧಾನ ಸಿಕ್ಕಿರಬಹುದು,” ಎಂದಳು ಲೋಲಾಕ್ಷಿ, ಏನಾದರೂ ಹೇಳಬೇಕೆಂದು.

“ಸಮಾಧಾನವಾ?” ಮುದುಕ ಮುಖ ತಿರುಗಿಸಿದರು. “ಈಗ ಆ ಒಂಬತ್ತು ಹಾಡು ಯಾರು ಯಾರು ಹಾಡ್ತಾರೆ ಗೊತ್ತುಂಟಾ ನಿಮಗೆ? ಮಂಗಳೂರಿನ ಹುಡುಗಿಯರು, ದುಬೈಯವರು, ಇಲ್ಲಿಯವರು. ಮೊಬೈಲ್ ಎದುರಿಗಿಟ್ಟು ಓಲಿವಿಯಾ ಹಾಡಿದ ಸ್ವರಕ್ಕೇ ಹಾಡಿ ಹಾಕ್ತಾರೆ. ಯಾರಾದರೂ ನನಗೂ ಕಳಿಸ್ತಾರೆ, ಆಶೀರ್ವಾದ ಮಾಡಿ ಅಂಕಲ್ ಅಂತ. ಎಲ್ಲದರಲ್ಲಿಯೂ ಕಾರ್ಮಿನ್ ಇದ್ದಾಳೆ. ಅಡುಗೆಕೋಣೆಯಲ್ಲಿ ಹಾಡಿದ್ದರಲ್ಲಿಯೂ, ಕಾರಿನಲ್ಲಿ ಹಾಡಿದ್ದರಲ್ಲಿಯೂ. ಅರ್ಧ ಕೆಳಗೆ ನಿಂತು, ದೆಂವ್, ದೆಂವ್… ನಾನು ಒಬ್ಬೊಬ್ಬಳಿಗೂ ಉದ್ದಕ್ಕೆ ಬರೆದೆ. ಈ ಸ್ವರ ಸುಳ್ಳು, ಇಳಿಸಿ ಹಾಡಿ ಅಂತ. ಬಂದ ಉತ್ತರ ಎಂತ? ಒಂದು ಕೈ ಮುಗಿದ ಚಿತ್ರ, ಒಂದು ಹೃದಯ. ಅಂಕಲಿಗೆ ವಯಸ್ಸಾಯ್ತು ಅಂತ ಮಗಳಿಗೆ ಒಬ್ಬಳು ಬರೆದಳಂತೆ. ಅದೂ ಸರಿಯೇ. ನನ್ನ ಮಾತು ನಂಬಬೇಕಾದ ಹೊತ್ತಿಗೆ ನಾನು ಆಡಿದ್ದು ಅಂಥ ಮಾತು.

“ನಾನು ಸಾಯುವವರೆಗೆ ಅವಳು ಹೀಗೇ ಕೂಗ್ತಾ ಇರ್ತಾಳೆ ಅಂತ ತಿಳಿದಿದ್ದೆ. ಮೊನ್ನೆ ಶುಕ್ರವಾರ ಇಲ್ಲಿಯದೇ ಕಡಲತೀರದ ಊರು ಸೂರ್‌ನಿಂದ ಒಬ್ಬಳು ಕಳಿಸಿದ್ದು ಬಂತು. ಹತ್ತೊಂಬತ್ತು ವರ್ಷದ ಮಗು. ಕೇಳಿದೆ… ಕೆಳಗೆ ಯಾರೂ ಇಲ್ಲ. ಒಂದು ಕ್ಷಣ ನನಗೆ ಎಷ್ಟು ಖುಷಿ ಆಯ್ತು ಗೊತ್ತುಂಟಾ? ಹೋದಳು, ಬಿಟ್ಟಳು ಅಂತ. ಮತ್ತೊಮ್ಮೆ ಕೇಳಿದೆ. ಹೋಗಿರಲಿಲ್ಲ. ನಾನು ಕಿವಿ ಕೊಟ್ಟದ್ದು ತಪ್ಪು ಜಾಗಕ್ಕೆ. ಅವಳು ಮೇಲೆ ಇದ್ದಳು. ಹುಡುಗಿಗಿಂತ ಅರ್ಧ ಸ್ವರ ಮೇಲೆ… ಮುಂದಿನಿಂದ ಹಗ್ಗ ಹಿಡಿದು ಎಳೆಯುವ ಹಾಗೆ. ಉಸಿರಿನ ಜಾಗದಲ್ಲಿ ಹೇಳುವ ಶಬ್ದವೂ ಬೇರೆ ಈಗ. ಎಷ್ಟು ಸಲ ಹೇಳುವುದು ಅಂತ ಸತ್ತವರಿಗೂ ಸಾಕಾಗುವುದಿಲ್ವಾ? ‘ಚಡ್’ ಅಂತಾಳೆ. ಚಡ್ ಅಂದ್ರೆ ಹತ್ತು. ಮೇಲೆ ಹತ್ತು ಅಂತ.

“ಆ ಹುಡುಗಿ ಕೆಳಗೆ ಬರೆದಿದ್ದಾಳೆ… ತುಂಬಾ ಆಶೀರ್ವಾದ ಸಿಕ್ಕಿದ ಹಾಗೆ ಆಗ್ತಾ ಉಂಟು, ಬರುವ ಶುಕ್ರವಾರ ಇನ್ನೂ ಎತ್ತರಿಸಿ ಹಾಡ್ತೇನೆ, ಅಂತ.”